ಲೂಯಿ ಪಾಶ್ಚರನ ಚರಿತ್ರೆ

ಹಳ್ಳಿಗಳಲ್ಲಿ ವಾಸಿಸುವ ನಮ್ಮ ವಾಚಕರೊಳಗೆ ಹುಚ್ಚುನಾಯಿಯ ಹೆಸರು ಕೇಳಿ ಹೆದರದವರು ಇಲ್ಲ. ನಾಯಿ ಕಡಿದ ಗಾಯಕ್ಕೆ ಸುಣ್ಣ ಬಳಿಯುವವರು, ಮೆಣಸಿನಪುಡಿ ತುಂಬುವವರು, ಬರೆ ಹಾಕುವವರು, ಮಂತ್ರಿಸಿದ ದಾರ ಕಟ್ಟಿಸುವವರು ಈಗಲೂ ಅಲ್ಲಲ್ಲಿ ಇದ್ದಾರೆ. ಇವರನ್ನು ನೋಡಿ ನಗುವುದಕ್ಕೆ ಮುಂಚೆ ಒಂದು ಸಂಗತಿಯನ್ನು ನೆನಸಬೇಕು. ಅದೇನಂದರೆ, ನೂರೈವತ್ತು ವರುಷಗಳ ಹಿಂದೆ ಯೂರೋಪಿನ ದೊಡ್ಡ ದೊಡ್ಡ ವೈದ್ಯರಿಗೂ ಗಾಯವನ್ನು ಸುಡುವುದರ ಹೊರತು ಬೇರೆ ಉಪಾಯವು ತಿಳಿದಿರಲಿಲ್ಲ. ಉಪಾಯವನ್ನು ಕಂಡುಹಿಡಿದವನಾದರೋ ವೈದ್ಯನೇ ಅಲ್ಲ. ತೊಗಲು ಹದಮಾಡುವ ಒಬ್ಬ ಬಡವನ ಮಗನು. ಅವನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಲೂಯಿ ಪಾಶ್ಚರನು 1822 ನೇ ಇಸವಿ ಡಿಸೆಂಬರ್ 27 ರಲ್ಲಿ ಫ್ರಾನ್ಸ್ ದೇಶದ ಪೂರ್ವಭಾಗದಲ್ಲಿರುವ ದೋಲ್ ಎಂಬ ಊರಲ್ಲಿ ಹುಟ್ಟಿದನು. ತಂದೆಯು ಮೊದಲು ನೆಪೋಲಿಯನನ ದಂಡಿನಲ್ಲಿದ್ದು, ತರುವಾಯ ತೊಗಲಿನ ಕಸಬಿನಿಂದ ಸಂಸಾರವನ್ನು ಸಾಕುತ್ತಿದ್ದನು. ಲೂಯಿಯು ಚಿಕ್ಕವನಿರುವಾಗಲೇ ಈ ಕುಟುಂಬವು ಅರ್ಬ್ವಾ ಎಂಬ ಪಟ್ಟಣಕ್ಕೆ ಹೋಗಿ ನೆಲೆಸಿತು. 1831 ರಲ್ಲಿ ಹುಚ್ಚು ಹಿಡಿದ ತೋಳವೊಂದು ಆ ಸೀಮೆಗೆ ನುಗ್ಗಿ ಅನೇಕರನ್ನು ಕಡಿಯಿತು. ಕಡಿಸಿಕೊಂಡವರನ್ನು ಕಮ್ಮಾರನ ಕುಲುಮೆಗೆ ತಂದು ಕೆಂಪಗೆ ಕಾದ ಕಬ್ಬಿಣದಿಂದ ಅವರ ಗಾಯಗಳನ್ನು ಸುಟ್ಟರು. ಆದಾಗ್ಯೂ ಹಲವರು ಸತ್ತರು. ಆಗ ಎಂಟು ವರುಷದ ಹುಡುಗನಾಗಿದ್ದ ಪಾಶ್ಚರನು ಆ ಕೂಗಾಟವನ್ನು ಕಡೇ ವರೆಗೂ ಮರೆಯಲಿಲ್ಲವೆಂದು ಅವನ ಚರಿತ್ರೆಯನ್ನು ಬರೆದವರು ಹೇಳುತ್ತಾರೆ.

ಸಾಲೆಯಲ್ಲಿ ಅವನು ಮೊದಲು ಅಷ್ಟೇನೂ ಹೆಸರು ಪಡೆದವನಲ್ಲ. ಬಣ್ಣದ ಕಡ್ಡಿಗಳಿಂದ ತಂದೆತಾಯಿಗಳ ಮತ್ತು ನೆರೆಹೊರೆಯವರ ಚಿತ್ರಗಳನ್ನು ಬರೆಯುವುದರಲ್ಲಿ ಮಾತ್ರ ಜಾಣನಾಗಿದ್ದನು. ಹದಿನೈದು ವರುಷದವನಾಗಿ ಪ್ಯಾರಿಸಿಗೆ ಹೋದಾಗ ಮನೆಯ ಹಂಬಲದಿಂದ ಸೊರಗಿದ್ದರಿಂದ ತಂದೆಯು ತಾನೇ ಹೋಗಿ ಅವನನ್ನು ಹಿಂದಕ್ಕೆ ಕರಕೊಂಡು ಬರಬೇಕಾಯಿತು. ಮುಂದೆ ರಸಾಯನಶಾಸ್ತ್ರದಲ್ಲಿ ಲೋಕಪ್ರಸಿದ್ಧನಾಗಬೇಕಾಗಿದ್ದ ಇವನಿಗೆ 1842 ರ ಪರೀಕ್ಷೆಯಲ್ಲಿ ಅದೇ ಶಾಸ್ತ್ರದಲ್ಲಿ ಸಾಧಾರಣನೆಂಬ ಗುರುತು ಸಿಕ್ಕಿತು! ಮಕ್ಕಳ ಗುಣಪತ್ರವನ್ನು ನೋಡಿ ಕೈಚೆಲ್ಲುವ ತಂದೆತಾಯಿಗಳು ಇದನ್ನು ನೆನಪಿನಲ್ಲಿಡಬಹುದು.

1849 ರಲ್ಲಿ ಅವನು ಮರೀ ಲೊರಾಂ ಎಂಬಾಕೆಯನ್ನು ಮದುವೆಯಾದನು. ಆಕೆಯು ಅವನ ಮನೆಯನ್ನು ನಡಿಸಿದ್ದಲ್ಲದೆ, ರಾತ್ರಿ ಕೂತು ಅವನ ಬರಹಗಳನ್ನೂ ಬರಕೊಡುತ್ತಿದ್ದಳು. ಹಾಲು ಹುಳಿಯಾಗುವುದೂ ದ್ರಾಕ್ಷಾರಸವು ಹುದುಗುವುದೂ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿಗಳ ಕೆಲಸವೆಂದು ಅವನು ತೋರಿಸಿದನು. ಇಂದು ಪೊಟ್ಟಣಗಳಲ್ಲಿ ಮಾರುವ ಹಾಲನ್ನು ಮಿತವಾಗಿ ಕಾಯಿಸಿ ತಣಿಸುವ ಕ್ರಮಕ್ಕೆ ಅವನ ಹೆಸರನ್ನೇ ಇಟ್ಟಿದ್ದಾರೆ.

ನಮ್ಮ ಮೈಸೂರು ಸೀಮೆಯ ರೇಷ್ಮೆ ಬೆಳೆಯುವವರಿಗೂ ಅವನ ಋಣವಿದೆ. 1865 ರಲ್ಲಿ ಫ್ರಾನ್ಸಿನ ದಕ್ಷಿಣಭಾಗದಲ್ಲಿ ರೇಷ್ಮೆಹುಳುಗಳಿಗೆ ಗಂಟುರೋಗವು ತಗಲಿ ಸಾವಿರಾರು ಮನೆಗಳು ದಿವಾಳಿಯಾದವು. ಅದು ವರೆಗೆ ರೇಷ್ಮೆಹುಳುವನ್ನು ಕೈಯಲ್ಲಿ ಮುಟ್ಟದ ಪಾಶ್ಚರನು ತನ್ನ ಗುರುವಿನ ಕೋರಿಕೆಯಂತೆ ಅಲೇಸ್ ಎಂಬ ಊರಿಗೆ ಹೋಗಿ ಐದಾರು ವರುಷ ದುಡಿದನು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ಸುಡಬೇಕು. ಇದೇ ಅವನು ಕಲಿಸಿದ ಮಾರ್ಗವು. ನಮ್ಮ ಬಿತ್ತನೆ ಕೋಠಿಗಳಲ್ಲಿ ತಾಯಿಚಿಟ್ಟೆಯನ್ನು ಪರೀಕ್ಷಿಸುವುದು ಇದೇ ಮಾರ್ಗದಿಂದ. ಆದರೆ ಆ ವರುಷಗಳು ಅವನ ಮನೆಗೆ ಬಹು ಕಠಿಣವಾಗಿದ್ದವು. ಹಿರೀ ಮಗಳು 1859 ರಲ್ಲೇ ವಿಷಮಜ್ವರದಿಂದ ಸತ್ತಿದ್ದಳು. 1865 ರಲ್ಲಿ ಎರಡು ವರುಷದ ಮಗುವೂ, ಮರುವರುಷ ಹನ್ನೆರಡು ವರುಷದ ಇನ್ನೊಬ್ಬ ಮಗಳೂ ತೀರಿಕೊಂಡರು. 1868 ರಲ್ಲಿ ಅವನಿಗೆ ಪಾರ್ಶ್ವವಾಯು ಬಡಿದು ಎಡಭಾಗವು ಬಿದ್ದುಹೋಯಿತು. ವಯಸ್ಸು ನಾಲ್ವತ್ತೈದು. ಅವನ ಹೆಸರನ್ನು ಲೋಕವೆಲ್ಲಾ ತಿಳಿಯುವಂತೆ ಮಾಡಿದ ಕೆಲಸಗಳು ಇದರ ಮೇಲೆಯೇ ನಡೆದವು.

1880 ರ ಸುಮಾರಿಗೆ ಅವನು ಹುಚ್ಚುನಾಯಿಯ ರೋಗಕ್ಕೆ ಕೈ ಹಾಕಿದನು. ಆ ರೋಗದ ಜಂತುವು ಅಂದಿನ ಯಾವ ಸೂಕ್ಷ್ಮದರ್ಶಕದಲ್ಲಿಯೂ ಕಾಣುವಂಥದ್ದಲ್ಲ. ಆದರೂ ಅದು ಮಿದುಳಿನಲ್ಲಿಯೂ ಬೆನ್ನುಹುರಿಯಲ್ಲಿಯೂ ನೆಲೆಸುತ್ತದೆಂದು ಅವನೂ ಅವನ ಶಿಷ್ಯನಾದ ರೂ ಎಂಬವನೂ ತಿಳುಕೊಂಡರು. ರೋಗದಿಂದ ಸತ್ತ ಮೊಲದ ಬೆನ್ನುಹುರಿಯನ್ನು ತೆಗೆದು, ಒಣಗಾಳಿಯಿರುವ ಸೀಸೆಯಲ್ಲಿ ತೂಗಹಾಕಿದರೆ ವಿಷವು ದಿನದಿನಕ್ಕೆ ಕುಗ್ಗಿ ಸುಮಾರು ಹದಿನಾಲ್ಕು ದಿನಗಳಲ್ಲಿ ಇಲ್ಲದಂತಾಗುತ್ತಿತ್ತು. ಹಳೇ ಹುರಿಯಿಂದ ಮೊದಲುಮಾಡಿ ದಿನಕ್ಕೊಂದು ಹೊಸ ಹುರಿಯನ್ನು ಅರೆದು ಚುಚ್ಚುತ್ತಾ ಬಂದರೆ ನಾಯಿಗಳಿಗೆ ರೋಗವು ಹತ್ತಲಿಲ್ಲ. ಕಡಿತದ ವಿಷವು ನರಗಳ ಹಾದಿಯಿಂದ ಮೆಲ್ಲಗೆ ಮಿದುಳಿಗೆ ಏರುವುದಕ್ಕೆ ವಾರಗಳೋ ತಿಂಗಳುಗಳೋ ಹಿಡಿಯುತ್ತವೆ. ಅಷ್ಟರೊಳಗೆ ಶರೀರವನ್ನು ಸಿದ್ಧಮಾಡಿದರೆ ಸಾಕು ಎಂಬುದು ಅವನ ಎಣಿಕೆ.

1885 ನೇ ಇಸವಿ ಜುಲೈ 6 ರಂದು ಆಲ್ಸಾಸ್ ಸೀಮೆಯ ಒಬ್ಬ ತಾಯಿಯು ಜೋಸೆಫ್ ಮೈಸ್ತರ್ ಎಂಬ ಒಂಭತ್ತು ವರುಷದ ಮಗನನ್ನು ಕರಕೊಂಡು ಬಂದಳು. ಎರಡು ದಿನಗಳ ಹಿಂದೆ ಹುಚ್ಚುನಾಯಿಯು ಅವನನ್ನು ಹದಿನಾಲ್ಕು ಕಡೆ ಕಡಿದಿತ್ತು. ಪಾಶ್ಚರನು ಸಂಕಟಕ್ಕೆ ಸಿಕ್ಕಿಬಿದ್ದನು. ಮದ್ದು ಕೊಡದಿದ್ದರೆ ಹುಡುಗನು ಸಾಯುವುದು ಹೆಚ್ಚುಕಡಿಮೆ ನಿಶ್ಚಯ. ಕೊಟ್ಟರೆ ಮದ್ದೇ ಕೊಂದೀತೋ ಎಂಬ ಭಯ. ತಾನು ವೈದ್ಯನಲ್ಲದ ಕಾರಣ ಅವನು ಚುಚ್ಚುವಂತೆಯೂ ಇರಲಿಲ್ಲ. ಇಬ್ಬರು ವೈದ್ಯರು ಒಪ್ಪಿದ ಮೇಲೆ ಗ್ರಾಂಶೆ ಎಂಬವನು ಆ ಸಂಜೆ ಮೊದಲನೆಯದನ್ನು ಚುಚ್ಚಿದನು. ದಿನಗಳು ಕಳೆದ ಹಾಗೆ ವಿಷವು ಬಲವಾಗುತ್ತಾ ಹೋಗಿ, ಹದಿಮೂರನೆಯ ಮದ್ದಾದರೋ ಅತ್ಯಂತ ತೀಕ್ಷ್ಣವಾದದ್ದೇ. ಹುಡುಗನು ಆಡಿಕೊಂಡು ಸುಖವಾಗಿ ನಿದ್ದೆಮಾಡಿದನು; ನಿದ್ದೆ ಬಾರದವನು ಪಾಶ್ಚರನೇ. ಮೈಸ್ತರನು ಬದುಕಿದನು.

ಅದೇ ಅಕ್ಟೋಬರಿನಲ್ಲಿ, ಚಿಕ್ಕ ಹುಡುಗರನ್ನು ಕಾಪಾಡುವುದಕ್ಕಾಗಿ ಹುಚ್ಚುನಾಯಿಯ ಮೇಲೆ ಬಿದ್ದು, ಚಾವಟಿಯಿಂದ ಅದರ ಬಾಯಿಕಟ್ಟಿ ಕೊಂದಿದ್ದ ಜೂಪೀಯ್ ಎಂಬ ಹದಿನೈದು ವರುಷದ ಕುರುಬನೂ ಬದುಕಿದನು. ಆದರೆ ನವೆಂಬರಿನಲ್ಲಿ ಲೂಯೀಸ್ ಎಂಬ ಹತ್ತು ವರುಷದ ಹುಡುಗಿಯನ್ನು ಕಡಿತವಾಗಿ ಮೂವತ್ತೇಳು ದಿನಗಳಾದ ಮೇಲೆ ತಂದರು. ಕಾಲ ಮೀರಿತೆಂದು ಪಾಶ್ಚರನಿಗೆ ಗೊತ್ತಿತ್ತು. ಇವಳು ಸತ್ತರೆ ತನ್ನ ಮದ್ದಿಗೇ ಅಪಕೀರ್ತಿ ಬರುವದೆಂದೂ ಗೊತ್ತಿತ್ತು. ಹೆತ್ತವರ ಬೇಡಿಕೆಯನ್ನು ತಳ್ಳಲಾರದೆ ಒಪ್ಪಿದನು. ಡಿಸೆಂಬರ್ 3 ರಲ್ಲಿ ಅವಳು ಸತ್ತಾಗ ಅವನು ಬಹಳ ಹೊತ್ತು ಅವಳ ಮಂಚದ ಬಳಿಯಲ್ಲಿ ಕೂತಿದ್ದವನು. ನನ್ನ ಮನಸ್ಸಿಗೆ ಅವನ ಜಯಗಳೆಲ್ಲಕ್ಕಿಂತ ಈ ಸೋಲೇ ದೊಡ್ಡದಾಗಿ ತೋರುತ್ತದೆ. 1886 ರ ಮಾರ್ಚ್ ಮೊದಲಲ್ಲಿ ಅವನು ಕೊಟ್ಟ ಲೆಕ್ಕದ ಪ್ರಕಾರ ಮದ್ದು ಪಡೆದವರು 350 ಮಂದಿ, ಸತ್ತವಳು ಆ ಹುಡುಗಿ ಒಬ್ಬಳೇ.

ಅವನ ತಪ್ಪನ್ನೂ ಮುಚ್ಚಿಡುವುದು ಸರಿಯಲ್ಲ. 1881 ರಲ್ಲಿ ಅವನು ನೆರಡಿ ರೋಗಕ್ಕೆ ಕುರಿಗಳ ಮೇಲೆ ಮದ್ದು ಪರೀಕ್ಷಿಸಿ ಜನರೆದುರು ಜಯಗೊಂಡನಷ್ಟೆ. ಆ ಮದ್ದನ್ನು ತನ್ನ ಕ್ರಮದಿಂದಲೇ ಮಾಡಿದ್ದೆಂದು ಎಲ್ಲರೂ ನಂಬುವಂತೆ ಬಿಟ್ಟಿದ್ದನು. ನಿಜವಾಗಿ ಅದು ಸಹಾಯಕನಾದ ಶಾಂಬರ್‌ಲಾನನ ಬೇರೊಂದು ಕ್ರಮದಿಂದಾದದ್ದು. ಇದು ಅವನ ಖಾಸಗಿ ಪುಸ್ತಕಗಳನ್ನು ಓದಿದವರಿಂದ ಬಹುಕಾಲದ ಮೇಲೆ ಹೊರಬಿದ್ದಿತು. ಕೀರ್ತಿಯನ್ನು ಹಂಚಿಕೊಳ್ಳುವುದರಲ್ಲಿ ಅವನು ಧಾರಾಳಿಯಲ್ಲ.

ಜನರ ಚಂದಾಹಣದಿಂದ ಪ್ಯಾರಿಸಿನಲ್ಲಿ ಪಾಶ್ಚರ್ ಸಂಸ್ಥೆಯು 1888 ರ ನವೆಂಬರಿನಲ್ಲಿ ತೆರೆಯಿತು. ಅಂದು ಅವನ ಗಂಟಲು ಕಟ್ಟಿದ್ದರಿಂದ ಭಾಷಣವನ್ನು ಮಗನು ಓದಿದನು. ಆ ಮನೆಯ ಶಿಷ್ಯರಲ್ಲಿ ಯೆರ್ಸಾನನು 1894 ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ಜಂತುವನ್ನು ಕಂಡನು. ಸಿಮೋಂ ಎಂಬವನು 1898 ರಲ್ಲಿ ಕರಾಚಿಯಲ್ಲಿ ರೋಗದ ಇಲಿಯನ್ನು ಅದರ ಚಿಗಟಗಳ ಸಮೇತ ಗಾಜಿನ ಭರಣಿಯಲ್ಲಿಟ್ಟು, ಅದರ ಮೇಲೆ ತಂತಿಯ ಪಂಜರದಲ್ಲಿ ಒಳ್ಳೇ ಇಲಿಯನ್ನು ತೂಗಹಾಕಿದನು. ಒಂದನ್ನೊಂದು ಮುಟ್ಟದಿದ್ದರೂ ಮೇಲಿನ ಇಲಿಯು ಪ್ಲೇಗಿನಿಂದ ಸತ್ತಿತು. ರೋಗವನ್ನು ಹೊತ್ತದ್ದು ಚಿಗಟವೇ. ಬಹು ಜನರು ಅವನನ್ನು ನಂಬಲಿಲ್ಲ. ಅದೇ ವರುಷ ಬೆಂಗಳೂರಿಗೂ ಪ್ಲೇಗು ಬಂದಿತ್ತು. ಇಲಿ ಬಿದ್ದ ಕೂಡಲೆ ಮನೆ ಬಿಟ್ಟು ಹೊಲದ ಗುಡಿಸಲಿಗೆ ಹೋಗುತ್ತಿದ್ದ ನಮ್ಮ ಹಿರಿಯರು ಕಾರಣವನ್ನರಿಯದೆ ಸರಿಯಾದದ್ದನ್ನೇ ಮಾಡುತ್ತಿದ್ದರು.

ಹುಚ್ಚುನಾಯಿಯ ಮದ್ದು 1900 ರಲ್ಲಿ ಕಸೌಲಿಗೂ 1907 ರಲ್ಲಿ ನೀಲಗಿರಿಯ ಕೂನೂರಿಗೂ ಬಂತು. ತರುವಾಯ ಕುರಿಯ ಮಿದುಳಿನಿಂದ ಮಾಡಿ ಹೊಟ್ಟೆಗೆ ಚುಚ್ಚುತ್ತಿದ್ದ ಮದ್ದಿನ ನೋವಿಗೆ ಅಂಜಿ ಮಂತ್ರಗಾರನ ಕಡೆಗೆ ಓಡಿದವರು ಬಹಳ. ಆ ಮದ್ದು ನಮ್ಮ ದೇಶದಲ್ಲಿ 2005 ರ ಸುಮಾರಿಗೆ ನಿಂತುಹೋಯಿತು. ಈಗಿನ ಮದ್ದನ್ನು ತೋಳಿಗೆ ಕೆಲವೇ ಸಾರಿ ಚುಚ್ಚುತ್ತಾರೆ. ಕಡಿದದ್ದು ನಾಯಿಯಾಗಲಿ ಬೆಕ್ಕಾಗಲಿ, ಕೂಡಲೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯವನ್ನು ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆಳವಾದ ಗಾಯಕ್ಕೆ ಗಾಯದೊಳಗೇ ಕೊಡುವ ಇನ್ನೊಂದು ಮದ್ದೂ ಉಂಟು. ನೀರು ಕಂಡು ಬೆದರುವ ಸ್ಥಿತಿಗೆ ಬಂದವರನ್ನು ಉಳಿಸುವುದು ಈಗಲೂ ವೈದ್ಯರಿಂದ ಆಗದು.

ಪಾಶ್ಚರನು 1895 ನೇ ಇಸವಿ ಸೆಪ್ಟೆಂಬರ್ 28 ರಲ್ಲಿ ತೀರಿಕೊಂಡನು. ಅವನ ಶವವು ಅವನ ಸಂಸ್ಥೆಯ ನೆಲಮನೆಯಲ್ಲಿಯೇ ಇದೆ. ಆ ಸಂಸ್ಥೆಯ ಬಾಗಿಲನ್ನು ಬಹು ವರುಷ ಕಾಯ್ದವನು ಜೋಸೆಫ್ ಮೈಸ್ತರನು. 1940 ರಲ್ಲಿ ಪ್ಯಾರಿಸು ಜರ್ಮನರ ವಶವಾದ ದಿನಗಳಲ್ಲಿ ಅವನೂ ತೀರಿಹೋದನು.