ದತ್ತಕ ಮಗನ ಹಿಂದೆ ನಿಂತ ರಾಣಿ



ಬಂಧುಗಳೇ, ಇಂದಿನ ಚಿಂತನೆ ನಮ್ಮ ಭಾಗದ ಕಿತ್ತೂರು ಚೆನ್ನಮ್ಮನ ಬಗ್ಗೆ. ಪ್ರತಿ ಅಕ್ಟೋಬರಿನ ಭಾಷಣಗಳಲ್ಲಿ ಆಕೆಯನ್ನು ಗಂಡೆದೆಯ ಹೆಣ್ಣು ಎಂದು ಹೊಗಳುವುದನ್ನು ಕೇಳುತ್ತೇನೆ. ಅದೇ ಊರಿನಲ್ಲಿ ಹೆದರಿದ ಹುಡುಗನಿಗೆ ಕೈಗೆ ಬಳೆ ಹಾಕ್ಕೋ ಅನ್ನುತ್ತಾರೆ. ಕನ್ನಡ ಕಲಿಸುವ ನನಗೆ ಎರಡೂ ಮಾತು ಚುಚ್ಚುತ್ತವೆ. ಧೈರ್ಯವೆಂದರೆ ಗಂಡಿನ ಸೊತ್ತೇ?

ಚೆನ್ನಮ್ಮ ಬೆಳಗಾವಿ ಹತ್ತಿರದ ಕಾಕತಿಯ ಮಗಳು. ಮಲ್ಲಸರ್ಜ ದೇಸಾಯಿಯ ಎರಡನೆಯ ಹೆಂಡತಿಯಾಗಿ ಕಿತ್ತೂರಿಗೆ ಬಂದಳು. 1816ರಲ್ಲಿ ಗಂಡ ತೀರಿಕೊಂಡ. ಹೆತ್ತ ಮಗನೂ ಉಳಿಯಲಿಲ್ಲ. ಗದ್ದುಗೆ ಏರಿದವನು ಸವತಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ. ಅವನೂ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಸತ್ತ. ಸಾಯುವ ಮುನ್ನ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತಕ ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪದೆ ಖಜಾನೆಗೆ ಮೊಹರು ಹಾಕಿಸಿದ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆಯೇ ಸತ್ತ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. 1829ರಲ್ಲಿ ಅಲ್ಲೇ ತೀರಿಕೊಂಡಳು. ಸಮಾಧಿಯೂ ಅದೇ ಊರಿನಲ್ಲಿದೆ.

ನನ್ನನ್ನು ಕಾಡುವುದು ಇಷ್ಟು. ಸಂಸ್ಥಾನ ಕಾಯಬಲ್ಲವಳು ಅರಮನೆಯಲ್ಲೇ ಇದ್ದಳು. ವಾರಸುದಾರ ಬೇಕಾದಾಗ ಮಾತ್ರ ಹುಡುಕಿದ್ದು ಒಬ್ಬ ಹುಡುಗನನ್ನು. ಆಕೆಯೂ ಹೋರಾಡಿದ್ದು ಅವನ ಹಕ್ಕಿಗಾಗಿ. ಆಕೆಯನ್ನು ದೂರಲಾರೆ, ಶಾಸ್ತ್ರದ ಲೆಕ್ಕದಲ್ಲಿ ದತ್ತಕವೆಂದರೆ ಗಂಡುಮಗುವೇ. ಅರಮನೆಯ ಈ ಲೆಕ್ಕ ನಮ್ಮ ಕೇರಿಗಳಲ್ಲಿ ಇನ್ನೂ ಕ್ರೂರವಾಗಿತ್ತು. ಗಂಡು ಸಂತಾನವಿಲ್ಲದ ಎಷ್ಟೋ ಮನೆಗಳಲ್ಲಿ ಮಗಳಿಗೆ ಸವದತ್ತಿ ಎಲ್ಲಮ್ಮನ ಮುತ್ತು ಕಟ್ಟಿಸಿ, ಮದುವೆ ಇಲ್ಲದಂತೆ ಮಾಡಿ, ಮಗನ ಜಾಗದಲ್ಲಿ ಉಳಿಸಿಕೊಂಡರು.

ಬಾಬಾಸಾಹೇಬರ ಹಿಂದೂ ಕೋಡ್ ಬಿಲ್ಲಿನಲ್ಲಿ ಆಸ್ತಿ, ಮದುವೆಗಳ ಜೊತೆ ದತ್ತಕದ ವಿಷಯವೂ ಇತ್ತು. ಬಿಲ್ಲನ್ನು ಮೂಲೆಗೆ ತಳ್ಳಿದಾಗ 1951ರಲ್ಲಿ ಅವರು ಮಂತ್ರಿ ಪದವಿಯನ್ನೇ ಬಿಟ್ಟು ಬಂದರು. ಮುಂದೆ ಅದನ್ನು ತುಂಡು ತುಂಡಾಗಿ ಪಾಸು ಮಾಡಿದರು. ದತ್ತಕದ ಕಾಯ್ದೆ ಬಂದದ್ದು 1956ರ ಡಿಸೆಂಬರ್ 21ರಂದು, ಬಾಬಾಸಾಹೇಬರ ಪರಿನಿಬ್ಬಾಣವಾಗಿ 15 ದಿನಕ್ಕೆ. ಹೆಣ್ಣುಮಗುವನ್ನೂ ದತ್ತಕ ಪಡೆಯಬಹುದು, ವಿಧವೆಯೂ ಮದುವೆಯಾಗದವಳೂ ತಾವೇ ದತ್ತಕ ಪಡೆಯಬಹುದು ಎಂದು ಅದು ಹೇಳುತ್ತದೆ. ಬೌದ್ಧರಾದ ನಮಗೂ ಅದೇ ಕಾಯ್ದೆ ಅನ್ವಯಿಸುತ್ತದೆ.

ಆದರೂ ನಮ್ಮಲ್ಲಿ ಮಕ್ಕಳಿಲ್ಲದ ದಂಪತಿ ಇಂದಿಗೂ ಮೊದಲು ಕೇಳುವುದು ಅಣ್ಣತಮ್ಮಂದಿರ ಮನೆಯ ಗಂಡು ಹುಡುಗನನ್ನೇ.