ಅರ್ಥವಾಗದ ಚಿತ್ರಗಳ ಪರ ನಿಂತ ಆಲ್ಫ್ರೆಡ್ ಬಾರ್

ಚಿತ್ರವೊಂದು ಅರ್ಥವಾಗದಿದ್ದರೆ ನಾನು, ನೀವು ಸುಮ್ಮನೆ ಮುಂದಕ್ಕೆ ಹೋಗ್ತೀವಿ. ಅಧಿಕಾರದಲ್ಲಿ ಇರುವವರಿಗೆ ಅಷ್ಟು ತಾಳ್ಮೆ ಇರೋದಿಲ್ಲ. ತಮಗೆ ಅರ್ಥವಾಗದ್ದರಲ್ಲಿ ಅವರಿಗೆ ದೇಶದ್ರೋಹ ಕಾಣಿಸುತ್ತೆ. ಅಮೆರಿಕದಲ್ಲಿ ಅಮೂರ್ತ ಕಲೆಗೆ ಜಾಗ ಮಾಡಿಕೊಟ್ಟ ಆಲ್ಫ್ರೆಡ್ ಬಾರ್ ಅವರ ಬದುಕನ್ನು ಇವತ್ತು ಓದಬೇಕಾದ್ದು ಇದೇ ಕಾರಣಕ್ಕೆ.

1902ರಲ್ಲಿ ಡೆಟ್ರಾಯಿಟ್‌ನಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಬಾರ್, ಪ್ರಿನ್ಸ್‌ಟನ್‌ನಲ್ಲಿ ಕಲೆಯ ಇತಿಹಾಸ ಓದಿದರು. 1927-28ರಲ್ಲಿ ಯುರೋಪ್ ಸುತ್ತಿ, ಜರ್ಮನಿಯ ಬೌಹೌಸ್ ಶಾಲೆಯನ್ನು, ಮಾಸ್ಕೋದ ಹೊಸ ಕಲಾವಿದರನ್ನು ಕಂಡು ಬಂದರು. 1929ರ ನವೆಂಬರ್‌ನಲ್ಲಿ, ಷೇರುಪೇಟೆ ಕುಸಿದ ಕೆಲವೇ ದಿನಗಳಲ್ಲಿ, ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಬಾಗಿಲು ತೆರೆಯಿತು. ಅದರ ಮೊದಲ ನಿರ್ದೇಶಕ ಬಾರ್. ಆಗ ವಯಸ್ಸು ಬರೀ 27.

1933ರಲ್ಲಿ ರಜೆಯ ಮೇಲೆ ಜರ್ಮನಿಯಲ್ಲಿದ್ದಾಗ ಹಿಟ್ಲರ್ ಅಧಿಕಾರಕ್ಕೆ ಬಂದ. ಚಿತ್ರಗಳು ಗೋಡೆಯಿಂದ ಇಳಿಯೋದನ್ನು ಬಾರ್ ಹತ್ತಿರದಿಂದ ನೋಡಿದರು. ಅದರ ಬಗ್ಗೆ ಬರೆದ ಲೇಖನಗಳಲ್ಲಿ ಹೆಚ್ಚಿನವನ್ನು ಅಮೆರಿಕದ ಪತ್ರಿಕೆಗಳು ಆಗ ಹಾಕಲೇ ಇಲ್ಲ.

1936ರಲ್ಲಿ ಅವರು ಕ್ಯೂಬಿಸಂ ಮತ್ತು ಅಮೂರ್ತ ಕಲೆಯ ದೊಡ್ಡ ಪ್ರದರ್ಶನ ಏರ್ಪಡಿಸಿದರು. ಯುರೋಪಿನಿಂದ ಬಂದ 19 ಶಿಲ್ಪಗಳನ್ನು ಕಸ್ಟಮ್ಸ್‌ನವರು ತಡೆದರು. ನಿಸರ್ಗದ ಯಾವ ರೂಪವನ್ನೂ ಹೋಲದ್ದು ಕಲೆಯೇ ಅಲ್ಲ ಅನ್ನೋದು ಅವರ ನಿಯಮ! ಜನರಿಗಾಗಿ ಬಾರ್ ಒಂದು ನಕ್ಷೆ ಬರೆದರು. 1890ರಿಂದ 1935ರವರೆಗೆ ಯಾವ ಪಂಥದಿಂದ ಯಾವುದು ಹುಟ್ಟಿತು ಅಂತ ಬಾಣದ ಗುರುತುಗಳಲ್ಲಿ ತೋರಿಸುವ ನಕ್ಷೆ. ಇಂಜಿನಿಯರಿಂಗ್ ಓದಿದ ನನಗೆ ಅದು ನಮ್ಮ ಫ್ಲೋಚಾರ್ಟ್ ಥರಾನೇ ಕಾಣುತ್ತೆ. ಆ ನಕ್ಷೆಯಲ್ಲಿ ಯುರೋಪಿನ ಹೊರಗಿನ ಜಗತ್ತು ಮೂಲೆಗೆ ಸರಿದಿದೆ, ನಿಜ. ಆದರೆ ನೋಡುಗರನ್ನು ದಡ್ಡರು ಅಂದುಕೊಳ್ಳದೆ, ಕೂತು ವಿವರಿಸುವ ಸೌಜನ್ಯ ಅದರಲ್ಲಿತ್ತು.

1943ರಲ್ಲಿ ಮ್ಯೂಸಿಯಂನ ಶ್ರೀಮಂತ ಟ್ರಸ್ಟಿಗಳು ಅವರನ್ನು ನಿರ್ದೇಶಕ ಹುದ್ದೆಯಿಂದ ಇಳಿಸಿದರು. ಬಾರ್ ಮನೆಗೆ ಹೋಗಲಿಲ್ಲ. ಮ್ಯೂಸಿಯಂನ ಗ್ರಂಥಾಲಯದಲ್ಲೇ ಒಂದು ಮೇಜು ಹಿಡಿದು ಕೆಲಸ ಮುಂದುವರಿಸಿದರು. 1947ರಲ್ಲಿ ಸಂಗ್ರಹದ ಹೊಣೆ ಮತ್ತೆ ಅವರಿಗೇ ಬಂತು.

ಅದೇ ವರ್ಷ ಅಮೆರಿಕದ ವಿದೇಶಾಂಗ ಇಲಾಖೆ, ತಾನೇ ಖರೀದಿಸಿ ವಿದೇಶಕ್ಕೆ ಕಳಿಸಿದ್ದ ಆಧುನಿಕ ಚಿತ್ರಗಳನ್ನು ಟೀಕೆಗೆ ಹೆದರಿ ವಾಪಸ್ ತರಿಸಿತು. ಆಮೇಲೆ ಯುದ್ಧದಲ್ಲಿ ಮಿಕ್ಕ ಸಾಮಾನಿನ ಲೆಕ್ಕದಲ್ಲಿ ಅವನ್ನು ಮಾರಿಬಿಟ್ಟರು. 1949ರಲ್ಲಿ ಜಾರ್ಜ್ ಡೊಂಡೆರೊ ಎಂಬ ಸಂಸದ, ಆಧುನಿಕ ಕಲೆ ಕಮ್ಯುನಿಸ್ಟರ ಪಿತೂರಿ ಅಂತ ಸದನದಲ್ಲೇ ಆರೋಪಿಸಿದರು. ಬಾರ್ 1952ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಮ್ಯಾಗಜೀನ್‌ನಲ್ಲಿ ಉತ್ತರ ಕೊಟ್ಟರು: ಈ ಕಲೆಯನ್ನು ಅಟ್ಟಾಡಿಸಿದ್ದು ನಾಜಿಗಳು, ಸ್ಟಾಲಿನ್‌ನ ರಷ್ಯಾ ಕೂಡ, ಹಾಗಾದರೆ ಅದನ್ನು ಬಯ್ಯುವ ಅಮೆರಿಕನ್ನರು ಯಾರ ಸಾಲಿನಲ್ಲಿ ನಿಂತಿದ್ದಾರೆ?

ವಾದ ಗೆದ್ದಿತು. ಎಷ್ಟರ ಮಟ್ಟಿಗೆ ಅಂದ್ರೆ, ಅದೇ ಕಲೆ ಶೀತಲ ಸಮರದಲ್ಲಿ ಅಮೆರಿಕದ ಸ್ವಾತಂತ್ರ್ಯದ ಜಾಹೀರಾತಾಯಿತು. 1958-59ರಲ್ಲಿ ಪೊಲಾಕ್, ರಾಥ್ಕೊ ಮುಂತಾದವರ ಚಿತ್ರಗಳನ್ನು ಮ್ಯೂಸಿಯಂ ಯುರೋಪಿನ 8 ದೇಶಗಳಿಗೆ ಕಳಿಸಿತು. ಆ ಪ್ರದರ್ಶನದ ಪುಸ್ತಕಕ್ಕೆ ಮುನ್ನುಡಿ ಬರೆದದ್ದು ಬಾರ್. ಆ ದಶಕದಲ್ಲಿ ಸಾಂಸ್ಕೃತಿಕ ಸಂಘಟನೆಗಳಿಗೆ ಸಿಐಎ ಗುಟ್ಟಾಗಿ ಹಣ ಸುರಿಯುತ್ತಿದ್ದದ್ದು 1960ರ ದಶಕದಲ್ಲಿ ಬಯಲಾಯಿತು. ಅಮೂರ್ತ ಕಲೆಯ ಗೆಲುವಿನಲ್ಲಿ ಅದರ ಪಾಲೆಷ್ಟು ಅನ್ನೋದರ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ.

1967ರಲ್ಲಿ ನಿವೃತ್ತರಾದ ಬಾರ್ 1981ರಲ್ಲಿ ತೀರಿಕೊಂಡರು. ನಿಷೇಧಿಸುವ ಸರ್ಕಾರವನ್ನು ಗುರುತಿಸೋದು ಸುಲಭ. ಅದೇ ಸರ್ಕಾರ ನಾಳೆ ಕಲೆಯ ಹೆಗಲ ಮೇಲೆ ಕೈ ಹಾಕಿದಾಗಲೂ, ಅದಕ್ಕೇನು ಬೇಕಾಗಿದೆ ಅಂತ ನಾವು ಕೇಳಲೇಬೇಕು.