ಶ್ರೀ ಹಾನಗಲ್ಲ ಕುಮಾರ ಶಿವಯೋಗಿಗಳವರೂ ಬಾಲಕರ ದೇಹಸಾಧನೆಯೂ

ದೇಹವು ಶಿವಪೂಜೆಗೆ ಸಾಧನವೆಂಬುದನ್ನು ನಮ್ಮಲ್ಲಿ ಕೇಳದವರಿಲ್ಲ. ಆದರೆ ಆ ಸಾಧನವನ್ನು ಎಳೆವಯಸ್ಸಿನಲ್ಲಿಯೇ ಹದಗೊಳಿಸಬೇಕೆಂದು ಬಗೆದು, ಅದಕ್ಕಾಗಿ ಒಂದು ಸಂಸ್ಥೆಯನ್ನೇ ಕಟ್ಟಿ ನಿಲ್ಲಿಸಿದ ಮಹನೀಯರು ವಿರಳ. ಅಂಥವರಲ್ಲಿ ಲಿಂಗೈಕ್ಯ ಶ್ರೀ ಹಾನಗಲ್ಲ ಕುಮಾರ ಮಹಾಸ್ವಾಮಿಗಳವರು ಅಗ್ರಗಣ್ಯರು. ಈ ಮಹೋತ್ಸವದ ಸಂದರ್ಭದಲ್ಲಿ ಅವರ ಚರಿತ್ರೆಯ ಈ ಒಂದು ಭಾಗವನ್ನು ಸದ್ಭಕ್ತರ ಮುಂದಿಡುವುದು ಉಚಿತವೆಂದು ಭಾವಿಸುತ್ತೇನೆ.

ಶ್ರೀಗಳವರು ೧೮೬೭ರಲ್ಲಿ ರಾಣೆಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಬಸವಯ್ಯ ನೀಲಮ್ಮ ದಂಪತಿಗಳ ಉದರದಲ್ಲಿ ಜನಿಸಿದರು. ಬಾಲ್ಯದ ಹೆಸರು ಹಾಲಯ್ಯ. ಬಡತನದಲ್ಲಿ ವಿದ್ಯೆ ಕಲಿತು, ಕೆಲಕಾಲ ಹಳ್ಳಿಯ ಮಕ್ಕಳಿಗೆ ಪಾಠ ಹೇಳಿದರು. ಬಳಿಕ ವೈರಾಗ್ಯವು ಬಲಿಯಲು ಎಳಂದೂರು ಬಸವಲಿಂಗ ಸ್ವಾಮಿಗಳವರ ಸೇವೆಯಲ್ಲಿ ನಿಂತು ಯೋಗಮಾರ್ಗವನ್ನು ಅರಿತರು. ಮುಂದೆ ಹಾನಗಲ್ಲಿನ ವಿರಕ್ತಮಠದ ಅಧಿಪತಿಗಳಾದರು. ಆ ಶತಮಾನದ ಕೊನೆಯ ವರ್ಷಗಳಲ್ಲಿ ಬರಗಾಲವೂ ಪ್ಲೇಗೂ ನಾಡನ್ನು ಬಾಧಿಸಿದುವು. ಹಸಿದ ಶರೀರಕ್ಕೆ ಧರ್ಮೋಪದೇಶವು ರುಚಿಸಲಾರದೆಂಬುದನ್ನು ಆ ಕಾಲದವರು ಕಣ್ಣಾರೆ ಕಂಡರು.

ಶ್ರೀಗಳವರ ಪ್ರೇರಣೆಯಿಂದ ೧೯೦೪ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯು ಪ್ರಥಮವಾಗಿ ಸೇರಿತು. ಸಭೆಗಳಿಂದ ವಿಚಾರವು ಹರಡುವುದೇ ಹೊರತು ಆಚಾರವು ನೆಲೆಗೊಳ್ಳದೆಂದು ತಿಳಿದ ಅವರು, ೧೯೦೯ರಲ್ಲಿ ಬಾದಾಮಿಯ ಸಮೀಪ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಊರ ಗದ್ದಲದಿಂದ ದೂರವಾದ ಬಯಲು, ಹರಿಯುವ ನೀರು, ಶುದ್ಧವಾದ ಗಾಳಿ, ಇವು ಅಲ್ಲಿಯ ಮೊದಲ ಪಾಠಗಳಾದುವು.

ಅಲ್ಲಿ ವಟುಗಳು ಬೆಳಗಿನ ಜಾವದಲ್ಲಿ ಎದ್ದು, ಸ್ನಾನ ಲಿಂಗಪೂಜೆಗಳನ್ನು ಮುಗಿಸಿ, ಆಸನ ಪ್ರಾಣಾಯಾಮಗಳನ್ನು ಅಭ್ಯಾಸ ಮಾಡುವರು. ಸಂಸ್ಕೃತ, ಕನ್ನಡ, ಸಂಗೀತಗಳ ಪಾಠವುಂಟು. ಅದರ ಜೊತೆಗೆ ಗೋಶಾಲೆಯ ಕೆಲಸವೂ ವಿಭೂತಿ ತಯಾರಿಸುವ ಕಾಯಕವೂ ಉಂಟು. ಪುಸ್ತಕ ಹಿಡಿದ ಕೈಯೇ ಸಗಣಿಯನ್ನೂ ಹಿಡಿಯಬೇಕು. ಓದು ಹೆಚ್ಚು, ದುಡಿಮೆ ಕಡಿಮೆ ಎಂಬ ಭೇದಕ್ಕೆ ಅಲ್ಲಿ ಎಡೆಯಿರಲಿಲ್ಲ. ಮಿತಾಹಾರ, ನಿಯತವಾದ ನಿದ್ರೆ, ನಿಯತವಾದ ಶ್ರಮ, ಈ ಮೂರರಿಂದಲೇ ಮನಸ್ಸು ನಿಲ್ಲುವುದೆಂಬುದು ಆ ವ್ಯವಸ್ಥೆಯ ತಿರುಳು.

ಮಗುವಿನ ಶಕ್ತಿಯನ್ನರಿತು ಸಾಧನೆಯನ್ನು ವಿಧಿಸುವುದೂ ಶ್ರೀಗಳವರ ವಿಶೇಷ. ಕಣ್ಣಿಲ್ಲದ ಬಾಲಕನಿಗೆ ಸಂಗೀತವನ್ನು ಕಲಿಸಿ ಬೆಳೆಸಿದರು. ಆತನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳೆಂದು ಪ್ರಖ್ಯಾತನಾದನು. ಸ್ವರಸಾಧನೆಯೂ ಉಸಿರಿನ ವ್ಯಾಯಾಮವೇ ಅಲ್ಲವೆ? ಮಂದಿರದಲ್ಲಿ ಪಳಗಿದ ವಟುಗಳು ನಾಡಿನ ಹಲವು ಮಠಗಳ ಅಧಿಪತಿಗಳಾದರು. ಶ್ರೀಗಳವರು ೧೯೩೦ರಲ್ಲಿ ಲಿಂಗೈಕ್ಯರಾದರು.

ಈ ಚರಿತ್ರೆಯನ್ನು ಬರೆಯುವಾಗ ನನಗೆ ನಾಚಿಕೆಯೂ ಆಗುತ್ತದೆ. ಪಾಠಶಾಲೆಯಲ್ಲಿ ಶಬ್ದರೂಪಗಳನ್ನು ಕಂಠಪಾಠ ಮಾಡುತ್ತ ಹಗಲೆಲ್ಲ ಕುಳಿತೇ ಕಳೆದವನು ನಾನು. ಆಟಕ್ಕೆ ಕರೆದ ಗೆಳೆಯರನ್ನು ಮೂಢರೆಂದು ಎಣಿಸಿದೆನು. ಐವತ್ತು ದಾಟಿದ ಈಗ ಲಿಂಗಪೂಜೆಗೆ ಪದ್ಮಾಸನ ಹಾಕಲು ಮೊಳಕಾಲು ಒಪ್ಪದು. ಶಾಸ್ತ್ರವು ನಾಲಗೆಯ ಮೇಲಿದೆ, ಆಸನವು ಕಾಲಿಗೆ ಒದಗದು. ಈ ಕೊರತೆ ನಮ್ಮ ಮಕ್ಕಳಿಗೆ ಬಾರದಿರಲಿ.

ಮಳಖೇಡವು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕಾಗಿಣಾ ನದಿಯೂ ಹಳೆಯ ಕೋಟೆಯೂ ಇಂದಿಗೂ ಇವೆ. ಆದರೆ ಶಾಲೆ ಬಿಟ್ಟ ಬಾಲಕನು ಕೈಯಲ್ಲಿ ಮೊಬೈಲು ಹಿಡಿದು ಮೂಲೆ ಸೇರಿದರೆ ಅವು ಅವನಿಗೆ ಏನು ಮಾಡಿಯಾವು? ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ ೬೦ ನಿಮಿಷಗಳ ದೇಹಶ್ರಮ ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಸಾರಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಭಕ್ತರು ತಮ್ಮ ಊರಿನ ಮಠದಂಗಳವನ್ನು ಸಂಜೆಯ ಒಂದು ಗಳಿಗೆ ಮಕ್ಕಳಿಗೆ ಬಿಟ್ಟುಕೊಡಲಿ. ಓಟ, ಕಬಡ್ಡಿ, ಸೂರ್ಯನಮಸ್ಕಾರ, ಅನಂತರ ಜೋಳದ ರೊಟ್ಟಿ, ತೊಗರಿಬೇಳೆಯ ಊಟ, ಇಷ್ಟಕ್ಕೆ ಹೆಚ್ಚಿನ ದ್ರವ್ಯ ಬೇಡ. ಹೆಣ್ಣುಮಕ್ಕಳನ್ನೂ ಮರೆಯದಿರಲಿ.

ಶ್ರೀ ಕುಮಾರ ಶಿವಯೋಗಿಗಳವರ ಭಾವಚಿತ್ರಕ್ಕೆ ಹೂವೇರಿಸುವುದು ಸುಲಭ. ಅಂಗಳದಲ್ಲಿ ಮಕ್ಕಳ ಬೆವರು ಬಿದ್ದಾಗಲೇ ಅವರ ಪೂಜೆ ಸಂಪೂರ್ಣವಾಗುವುದು.